ಬಾವಿಯ ಮೇಲೆ ಹೂಡಿದ ಒಲೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಮಠದಲ್ಲಿ ಅಕ್ಷರ ಕಲಿಸುತ್ತಿದ್ದ ಮರುಳಯ್ಯ ಐಗಳು. ಮಗ್ಗಿ ತಪ್ಪಿದವರಿಗೆ ಏಟು, ಒಪ್ಪಿಸಿದವರಿಗೆ ಕಥೆ. ನನಗೆ ಎರಡೂ ಸಿಕ್ಕಿವೆ. ಶಿವನನ್ನು ನೆನೆದು, ಅವರು ಹೇಳಿದ ಹಾಗೇ ಹೇಳುತ್ತೇನೆ.

ಒಂದು ರಾಜ್ಯದ ಅಂಚಿನಲ್ಲಿ ಒಂದು ಬೋಳುಗುಡ್ಡ. ಅದರ ಕೆಳಗೆ ಒಂದು ಕೆರೆ, ಒಂದು ಹಳ್ಳ, ಒಂದು ಬಾವಿ. ಅಲ್ಲಿದ್ದದ್ದು ಒಂದೇ ಮನೆ, ಜಲಗಾರರ ನಿಂಗಾಜಿಯದು. ಹಳ್ಳದ ಮರಳನ್ನು ಮರಿಗೆಯಲ್ಲಿ ತೊಳೆದು ಸಾಸಿವೆಯಷ್ಟು ಚಿನ್ನ ತೆಗೆಯುವುದು ಆಕೆಯ ಕಸುಬು.

ಒಂದು ದಿನ ಗುಡ್ಡದೊಳಗೂ ಚಿನ್ನವಿದೆಯೆಂದು ಸುದ್ದಿಯಾಯಿತು. ಮೂರೇ ತಿಂಗಳಲ್ಲಿ ಊರು ಎದ್ದಿತು. ಯಾರೂ ಕಟ್ಟಿದ್ದಲ್ಲ, ನಾಯಿಕೊಡೆಯ ಹಾಗೆ ಎದ್ದದ್ದು. ಒಬ್ಬನ ಬಾಗಿಲು ಇನ್ನೊಬ್ಬನ ಹಿತ್ತಿಲಿಗೆ. ಹೆಂಡದಂಗಡಿ ಹನ್ನೊಂದು, ಗುಡಿ ಒಂದೂ ಇಲ್ಲ. ದೇವರು ಪುಣ್ಯವಂತ, ಆ ಗಲಾಟೆಯಿಂದ ಪಾರಾದ.

ರಾಜ ಒಂದು ಕಟ್ಟಳೆ ಮಾಡಿದ. ಮೂರು ಕಲ್ಲಿಟ್ಟು ಒಲೆ ಹೂಡಿ ಅನ್ನ ಬೇಯಿಸಿದವನಿಗೆ ಒಲೆಯ ಸುತ್ತಲಿನ ಹತ್ತು ಮೊಳ ನೆಲ. ತನ್ನ ಒಲೆಯನ್ನು ತಾನೇ ಕಿತ್ತವನಿಗೆ ಆ ಊರಲ್ಲಿ ಅಂಗೈಯಗಲವೂ ಇಲ್ಲ. ಇದನ್ನು ನೋಡಿಕೊಳ್ಳಲು ಪಾರುಪತ್ಯಗಾರ ಬಸಲಿಂಗಪ್ಪನನ್ನು ಕಳಿಸಿದ.

ಬಸಲಿಂಗಪ್ಪ ಮೊದಲ ಒಲೆಯನ್ನು ನಡುದಾರಿಯಲ್ಲೇ ಹೂಡಿದ.

"ಸ್ವಾಮಿ, ದಾರಿ?" ಎಂದರು ಜನ.

"ದಾರಿಯಲ್ಲಿ ಚಿನ್ನವಿದೆ."

ಅಗೆದು ಅಗೆದು ದಾರಿಯೇ ಗುಂಡಿಯಾಯಿತು. ಜನ ಒಬ್ಬರ ಅಡುಗೆಮನೆಯಲ್ಲಿ ಇನ್ನೊಬ್ಬರು ಹಾದುಹೋಗತೊಡಗಿದರು. ಒಂದು ದಿಬ್ಬಣ ಹಾಗೆ ಹೋಗುವಾಗ ಮದುಮಗ ಹಂಚಿನ ಮೇಲಿದ್ದ ರೊಟ್ಟಿಯನ್ನೂ ತಿಂದು ಹೋದ.

ಎರಡನೆಯ ಒಲೆ ಕೆರೆಯ ಏರಿಯ ಮೇಲೆ.

"ಸ್ವಾಮಿ, ಕೆರೆ?"

"ಏರಿಯಲ್ಲಿ ಚಿನ್ನವಿದೆ."

ಏರಿ ಒಡೆಯಿತು, ಕೆರೆ ಬರಿದಾಯಿತು. ಅದರ ಹೂಳೆಲ್ಲ ಹೋಗಿ ಹಳ್ಳದಲ್ಲಿ ಕೂತಿತು.

ಉಳಿದದ್ದು ಬಾವಿ. ಅದರ ಬಾಯಿಗೆ ಕಲ್ಲುಚಪ್ಪಡಿ ಎಳೆಸಿ, ಮೇಲೆ ಮೂರನೆಯ ಒಲೆ ಹೂಡಿದ. ಊರು ನೋಡಲು ರಾಜನೂ ಬಂದಿದ್ದ ದಿನ ಅದು.

"ಸ್ವಾಮಿ, ನೀರು?"

"ಬಾವಿಯ ಕೆಸರಲ್ಲಿ ಚಿನ್ನವಿದೆ. ನೀರು ಕುಡಿದು ಯಾರು ಸಾಹುಕಾರರಾಗಿದ್ದಾರೆ?"

ಒಲೆ ಉರಿಯಿತು. ಮಡಕೆಗೆ ಅಕ್ಕಿ ಬಿತ್ತು. ಆಮೇಲೆ ಬಸಲಿಂಗಪ್ಪ ನೀರಿಗಾಗಿ ಅತ್ತಿತ್ತ ನೋಡಿದ. ನೀರು ಚಪ್ಪಡಿಯ ಕೆಳಗಿತ್ತು.

ಬೆಳಗ್ಗೆಯೇ ತುಂಬಿಟ್ಟಿದ್ದ ಕೊಡವನ್ನು ನಿಂಗಾಜಿ ಸೊಂಟದ ಮೇಲೆ ತಂದಳು. "ತಗೊಳ್ಳಪ್ಪ. ಆದರೆ ನಮ್ಮ ಜಲಗಾರರಲ್ಲಿ ಒಂದು ಪದ್ಧತಿ. ಕಡ ಪಡೆದ ನೀರನ್ನ ಹೊತ್ತು ಮುಳುಗೋದರೊಳಗೆ ತುಂಬಿ ಕೊಡಬೇಕು."

"ಒಂದು ಕೊಡ ನೀರೇನು ಮಹಾ? ಹತ್ತು ಕೊಡ ಕೊಡ್ತೀನಿ."

"ಒಂದೇ ಸಾಕು."

"ತಪ್ಪಿದರೆ?" ಎಂದ ರಾಜ.

"ತಪ್ಪಿದರೆ ನನ್ನ ತಲೆ ತೆಗೆಸಿ, ಪ್ರಭು," ಎಂದ ಬಸಲಿಂಗಪ್ಪ.

ಅನ್ನ ಬೆಂದಿತು. ಬಸಲಿಂಗಪ್ಪ ಬರಿಗೊಡ ಹಿಡಿದು ಹೊರಟ. ಕೆರೆಗೆ ಹೋದ, ಬಿರುಕು ಬಿಟ್ಟ ನೆಲ. ಹಳ್ಳಕ್ಕೆ ಹೋದ, ಮೊಣಕಾಲುದ್ದ ಹೂಳು. ಮನೆಮನೆಗೆ ಹೋದ. ರೊಟ್ಟಿ ಕಳೆದುಕೊಂಡಿದ್ದ ಹೆಂಗಸು ಬಾಗಿಲಲ್ಲೇ ನಿಂತು ಹೇಳಿದಳು: "ದಾರಿಯಿಲ್ಲದ ಊರಲ್ಲಿ ನಮ್ಮನೆ ಹೇಗೆ ಸಿಕ್ಕಿತು ಸ್ವಾಮಿ? ಬಂದದ್ದು ಬಂದಿರಿ, ಹಾಗೇ ಹಿತ್ತಿಲಿಂದ ದಾಟಿಕೊಳ್ಳಿ."

ಹೊತ್ತು ಗುಡ್ಡದ ನೆತ್ತಿಗೆ ಇಳಿಯಿತು. ಬರಿಗೊಡದೊಂದಿಗೆ ಬಾವಿಗೇ ಬಂದ.

"ನಾಳೆ ಕೊಟ್ಟರೆ ಆಗಲ್ವಾ ಅಜ್ಜಿ?"

"ನೀರು ಇಲ್ಲೇ ಇದೆಯಲ್ಲಪ್ಪ, ನಿನ್ನ ಅನ್ನದ ಕೆಳಗೆ."

ಅವನು ರಾಜನನ್ನು ನೋಡಿದ. ರಾಜ ಸೂರ್ಯನನ್ನು ನೋಡಿದ. ಬಸಲಿಂಗಪ್ಪ ಒಂದು ಕಲ್ಲು ಕಿತ್ತ, ಎರಡನೆಯದು ಕಿತ್ತ, ಮೂರನೆಯದೂ ಕಿತ್ತ. ಚಪ್ಪಡಿ ಸರಿಸಿ ಕೊಡ ತುಂಬಿದ.

"ಒಲೆ ಕಿತ್ತವನಿಗೆ ನೆಲವಿಲ್ಲ," ಎಂದ ರಾಜ. "ಕಟ್ಟಳೆ ನನ್ನದು, ಕೈ ನಿನ್ನದು."

ಬಸಲಿಂಗಪ್ಪ ಬೆಂದ ಅನ್ನವನ್ನೂ ಬಿಟ್ಟು ಊರು ಬಿಟ್ಟ.

ಜನ ಬುದ್ಧಿ ಕಲಿತರೇ? ನೀರು ಸೇದಿಕೊಂಡು, ಅವನನ್ನು ಬೈದುಕೊಂಡು, ತಂತಮ್ಮ ಮನೆಯ ಬುಡವನ್ನೇ ಅಗೆದರು. ಮೂರು ವರ್ಷಕ್ಕೆ ಚಿನ್ನ ತೀರಿತು, ಗೋಡೆಗಳು ಗುಂಡಿಗೆ ಕುಸಿದವು. ಬಾಗಿಲು ತಲೆಯ ಮೇಲೆ ಹೊತ್ತು, ಬಂದ ಹಾಗೇ ಹೋದರು. ಮಳೆ ಬಂದು ಹಳ್ಳವನ್ನು ತೊಳೆಯಿತು. ನಿಂಗಾಜಿ ಮರಿಗೆ ಹಿಡಿದು ಮತ್ತೆ ಹಳ್ಳಕ್ಕಿಳಿದಳು.

ನೀತಿ ಇಷ್ಟೆ: ಎಲ್ಲರ ನೀರು ಮುಚ್ಚಿ ತನ್ನ ಒಲೆ ಹೂಡುವವನು ಅದನ್ನು ತನ್ನ ಕೈಯಿಂದಲೇ ಕೀಳಬೇಕಾಗುತ್ತದೆ.

ಕೇಳಿದಿರಲ್ಲ, ನೀವೂ ಇನ್ನೊಬ್ಬರಿಗೆ ಹೇಳಿ. ಹೇಳುವ ಮುಂಚೆ ಅವರಿಗೆ ಒಂದು ಲೋಟ ನೀರು ಕೊಡಿ.