ಮಂಗಟ್ಟೆ ಮುಚ್ಚಿದ ಬಾಗಿಲು

ಮೊಟ್ಟೆಯಿಡುವ ಕಾಲ ಬಂದಾಗ ಹೆಣ್ಣು ಮಂಗಟ್ಟೆ ಹಕ್ಕಿ ಮರದ ಪೊಟರೆಯೊಳಗೆ ಕುಳಿತು, ಗಂಡ ತಂದುಕೊಟ್ಟ ಮಣ್ಣಿನಿಂದ ಬಾಗಿಲನ್ನು ಮುಚ್ಚತೊಡಗಿತು. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯಿತು.

ಪಕ್ಕದ ಮರದ ಗಿಳಿ ನಕ್ಕಿತು. "ಮಕ್ಕಳು ಬರುವ ಮನೆಗೆ ತೋರಣ ಕಟ್ಟಬೇಕು ಅಕ್ಕಾ, ಗೋಡೆಯಲ್ಲ! ಭಾವ ಮರೆತರೆ ಉಪವಾಸ ಸಾಯುತ್ತೀಯೆ."

"ಅವರು ಮರೆಯುವವರಲ್ಲ," ಎಂದಿತು ಮಂಗಟ್ಟೆ.

ಮೊಟ್ಟೆಯೊಡೆದು ಮರಿಗಳು ಬಂದವು. ಒಂದು ಮಧ್ಯಾಹ್ನ ಹಾವೊಂದು ಮರವೇರಿ ಸೀಳಿನಲ್ಲಿ ತಲೆ ತುರುಕಿತು; ಮಣ್ಣಿನ ಗೋಡೆ ಅಡ್ಡವಾಗಿ ಮೈ ಒಳಗೆ ನುಗ್ಗಲಿಲ್ಲ. ತಾಯಿ ಒಳಗಿನಿಂದ ಬಲವಾಗಿ ಕುಕ್ಕಿತು. ಅಷ್ಟರಲ್ಲಿ ಅತ್ತಿಹಣ್ಣು ಹೊತ್ತು ಬಂದ ಗಂಡ ರೆಕ್ಕೆ ಬೀಸಿ ಮೇಲೆರಗಿತು. ಹಾವು ಕೆಳಗೆ ಬಿದ್ದು, ತಿರುಗಿ ನೋಡದೆ ಪೊದೆ ಸೇರಿತು.

ಗಿಳಿ ಬೆಕ್ಕಸಬೆರಗಾಯಿತು.

"ಮಕ್ಕಳು ಹೇಗಿದ್ದಾರೆ?" ಎಂದು ಗಂಡ ಏದುಸಿರಿನಲ್ಲಿ ಕೇಳಿತು.

"ಹಸಿದಿದ್ದಾರೆ! ಹಣ್ಣು ಕೊಡಿ, ಇನ್ನಷ್ಟು ತನ್ನಿ!" ಎಂದು ತಾಯಿ ಕಾಡೆಲ್ಲ ಕೇಳುವಂತೆ ಕೂಗಿತು.