ಕೆರೆಗೆ ಅಪ್ಪಣೆ ಕೊಟ್ಟವರು

"ಬ್ಯಾಕ್ಟೀರಿಯಾ ಎರಡಾಗುವ ಮುಂಚೆ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುತ್ತದೆ. ಉಂಗುರದಂತಿರುವ ಆ ಎಳೆಯ ಒಂದೇ ಜಾಗದಲ್ಲಿ ಅದು ಶುರುವಾಗುತ್ತದೆ. ಒಂದು ಬಗೆಯ ಪ್ರೋಟೀನುಗಳು ಅಲ್ಲಿ ಬಂದು ಗುಂಪುಗೂಡಿದರೆ ಜೋಡಿ ಎಳೆ ಬಿಚ್ಚಿಕೊಳ್ಳುತ್ತದೆ. ಅಷ್ಟು ಓದಿದ್ದೇನೆ. ಆದರೆ ಶುರು ಮಾಡಿ ಎಂದು ಅವಕ್ಕೆ ಹೇಳುವವರು ಯಾರು?" ಎಂದು ಶಿಷ್ಯೆ ವಿಶಾಲಾಕ್ಷಿ ಕೇಳಿದಳು.

ಗುರು ಚಿದಾನಂದಪ್ಪನವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಈ ಕತೆ ಹೇಳಿದರು.

ಒಂದೂರಲ್ಲಿ ಹೊಸದಾಗಿ ಗೌಡಿಕೆ ಸಿಕ್ಕವನೊಬ್ಬನಿದ್ದ. ಆ ಊರಿಗೆ ದುಂಡಗಿನ ಕೆರೆ. ಸುಗ್ಗಿ ಮುಗಿದ ಮೇಲೆ ಜನ ಅದರ ಹೂಳೆತ್ತುತ್ತಿದ್ದರು. ಯಾವಾಗಲೂ ಮೂಡಣ ದಂಡೆಯ ಮೆತ್ತನೆ ಮಣ್ಣಿನಲ್ಲೇ ಮೊದಲ ಗುದ್ದಲಿ ಬೀಳುತ್ತಿತ್ತು. ಅಲ್ಲಿಂದ ಒಂದು ಗುಂಪು ಎಡಕ್ಕೆ, ಇನ್ನೊಂದು ಬಲಕ್ಕೆ ಅಗೆಯುತ್ತ ಹೋಗಿ ಎದುರು ದಂಡೆಯಲ್ಲಿ ಕೂಡುತ್ತಿದ್ದವು.

ಆ ವರ್ಷ ಗೌಡ ಏಳುವಷ್ಟರಲ್ಲಿ ಕೆಲಸ ಶುರುವಾಗಿತ್ತು. ತನ್ನನ್ನು ಒಬ್ಬರೂ ಕೇಳಿಲ್ಲವಲ್ಲ ಎಂದು ಅವನಿಗೆ ಅವಮಾನವಾಯಿತು.

"ಯಾರು ಅಪ್ಪಣೆ ಕೊಟ್ಟದ್ದು?" ಎಂದು ಒಬ್ಬ ಕುಂಬಾರನನ್ನು ಕೇಳಿದ.

"ನನಗೇನು ಗೊತ್ತು ಗೌಡ್ರೇ? ನಾನು ಬಂದಾಗ ಆಗಲೇ ಒಂದಷ್ಟು ಜನ ಇದ್ರು."

ಅಗೆಯುತ್ತಿದ್ದ ಉಳಿದವರೂ ಹಾಗೇ ಹೇಳಿದರು. ಕೊನೆಗೆ ಒಬ್ಬ ಮುದುಕಿ ಅಂದಳು: "ನಾನೇ ಮೊದಲು ಬಂದೆ ಕಣಪ್ಪ. ಹೊಟ್ಟೆ ತುಂಬಿತ್ತು, ಕೈ ಖಾಲಿ ಇತ್ತು. ಒಬ್ಬಳ ಕೈಲಿ ಏನಾಗುತ್ತೆ? ಜನ ಸೇರೋತನಕ ಸುಮ್ಮನೆ ಕೂತಿದ್ದೆ."

ಗೌಡ ನಂಬಲಿಲ್ಲ. ಇವರು ಯಾರನ್ನೋ ಮುಚ್ಚಿಡುತ್ತಿದ್ದಾರೆ ಎಂದುಕೊಂಡ.

ಮರುವರ್ಷ ಸುಗ್ಗಿಗೆ ಮೊದಲೇ ತಮಟೆ ಹೊಡೆಸಿದ. ಅರೆಹೊಟ್ಟೆಯ ಕೆಲವರು ಬಂದು ಮಣ್ಣು ಕೆರೆದು ಹಿಂದಿರುಗಿದರು. ಸುಗ್ಗಿ ಮುಗಿದಾಗ ಜನ ತಾವಾಗಿ ನೆರೆದರು, ದಂಡೆಯ ಮಣ್ಣು ಬಿಚ್ಚಿಕೊಂಡಿತು. ತನ್ನ ಅಪ್ಪಣೆಯಿಲ್ಲದೆ ಮತ್ತೆ ಶುರುವಾದದ್ದನ್ನು ಗೌಡನಿಗೆ ಸಹಿಸಲಾಗಲಿಲ್ಲ. ಎರಡು ಗುಂಪುಗಳೂ ಇನ್ನೂ ಕೂಡಿರಲಿಲ್ಲ. ಅಷ್ಟರಲ್ಲೇ ಅದೇ ಜಾಗದಿಂದ ಹೊಸ ಗುಂಪುಗಳನ್ನು ಹೊರಡಿಸಿದ. ಹಿಂದಿನವರು ಮುಂದಿನವರ ಮೇಲೆ ಬಿದ್ದರು. ಮಣ್ಣು ಜಗ್ಗಿ ಕುಸಿದು ಕುಂಬಾರ ಸೊಂಟದವರೆಗೆ ಹೂತುಹೋದ. ಊರೆಲ್ಲ ಸೇರಿ ಅವನನ್ನು ಹೊರಗೆಳೆಯಿತು. ಜೀವ ಉಳಿಯಿತು. ಕೆರೆಯ ಕೆಲಸ ಅರ್ಧಕ್ಕೇ ನಿಂತಿತು, ಮಳೆ ಬಂತು.

"ಅದೇ ಜಾಗ, ಅದೇ ಜನ, ಅದೇ ಗುದ್ದಲಿ. ನಾನು ಮಾಡಿದ್ದರಲ್ಲಿ ತಪ್ಪೇನು?" ಎಂದು ಗೌಡ ತಲೆ ಹಿಡಿದು ಕೂತ.

ಮುಂದಿನ ಸುಗ್ಗಿಯ ನಂತರ ಅವನು ತಮಟೆ ಹೊಡೆಸಲಿಲ್ಲ. ಗುದ್ದಲಿ ಹಿಡಿದು ಮೂಡಣ ದಂಡೆಗೆ ಹೋಗಿ ನಿಂತ. ಒಬ್ಬೊಬ್ಬರಾಗಿ ಜನ ಬಂದರು. ಮಣ್ಣು ಬಾಯಿಬಿಟ್ಟಾಗ, ಹೇಳಿದವರು ಯಾರು ಎಂದು ಸುತ್ತ ನೋಡಿದ. ಎಲ್ಲರೂ ಬಗ್ಗಿ ಅಗೆಯುತ್ತಿದ್ದರು. ಅವನೂ ಅಗೆಯುತ್ತಿದ್ದ.

ಗುರುಗಳು ಮಾತು ನಿಲ್ಲಿಸಿದರು. ವಿಶಾಲಾಕ್ಷಿಯ ಹಣೆಯ ಗೆರೆ ಸಡಿಲವಾಗಲಿಲ್ಲ.

"ಇನ್ನೂ ಗೊಂದಲವೇ ಸರ್. ಜನ ಸಾಕಷ್ಟು ಸೇರಿದರು ಎಂದು ತೀರ್ಮಾನಿಸುವವರು ಒಬ್ಬರಾದರೂ ಇರಬೇಕಲ್ಲ?"

"ನೀನು ಹುಡುಕುತ್ತಿರುವುದು ಆರಂಭವನ್ನೋ, ಯಜಮಾನನನ್ನೋ?"