ಮಂಕಾಳಿಯ ಒಂದೇ ತಂತಿ

ಕಡಲ ದಂಡೆಯಲ್ಲಿ ಒಂದು ಬೀದಿ. ದೂರದೂರದಿಂದ ಹಡಗಿನಲ್ಲಿ ಬಂದವರು ಅಲ್ಲಿ ಮನೆ ಮಾಡಿದ್ದರು. ಎಲ್ಲರ ಬಾಗಿಲೂ ಮುಚ್ಚಿಯೇ ಇರುತ್ತಿತ್ತು.

ಬೀದಿಯ ಈ ತುದಿಯಲ್ಲಿ ಮಂಕಾಳಿ ಇದ್ದಳು. ಪುಟ್ಟ ಹುಡುಗಿ. ಅಮ್ಮ ಬೆಳಿಗ್ಗೆ ಮೀನು ಮಾರಲು ಹೋದರೆ ಬರುವುದು ಸಂಜೆಗೇ. ಅಲ್ಲಿಯವರೆಗೆ ಮನೆಯಲ್ಲಿ ಮಂಕಾಳಿ, ಮತ್ತೆ ಅವಳ ಏಕತಾರಿ. ಒಂದು ಸೋರೆಬುರುಡೆ, ಒಂದು ಕೋಲು, ಒಂದೇ ತಂತಿ.

"ಅಮ್ಮ ಎಲ್ಲಿ?" ಅಂದು ಮೀಟಿದರೆ, ಟುಂಯ್.

"ಹಸಿವಾಯ್ತಾ?" ಅಂದು ಮೀಟಿದರೆ, ಟುಂಯ್.

ಒಂದು ದಿನ ತಂತಿ ಪಟ್ ಅಂತ ಹರಿಯಿತು. ಮನೆಯಲ್ಲಿ ಮಾತೇ ಇಲ್ಲ. ಮಂಕಾಳಿ ಸ್ವಲ್ಪ ಅತ್ತಳು. ಆಮೇಲೆ ಏಕತಾರಿ ಎತ್ತಿಕೊಂಡು ಹೊರಟಳು.

ಪಕ್ಕದ ಮನೆಯಲ್ಲಿ ಮೂಸಾ. ಆಫ್ರಿಕಾದವನು. ಅವನ ವಾದ್ಯ ಕೋರಾ. ದೊಡ್ಡ ಬುರುಡೆ, ಸಾಲುಸಾಲು ತಂತಿ. ನುಡಿಸಿದರೆ ಝುಳುಝುಳು, ತೊರೆ ಹರಿದ ಹಾಗೆ.

"ಮೂಸಾ, ಮೂಸಾ, ತಂತಿ ಕೊಡು. ನನ್ನ ಏಕತಾರಿ ಮಾತಾಡ್ತಿಲ್ಲ."

"ನನ್ನ ಕೋರಾನೂ ಮಾತಾಡ್ತಿಲ್ಲ ಮಗೂ. ಬುರುಡೆಯ ತೊಗಲು ಹರಿದಿದೆ. ತೊಗಲು ತಾ, ತಂತಿ ಕೊಡ್ತೇನೆ."

ಮಂಕಾಳಿ ಮುಂದೆ ಹೋದಳು.

ಮುಂದಿನ ಮನೆಯಲ್ಲಿ ಹೇಮಿಶ್. ಸ್ಕಾಟ್ಲೆಂಡಿನವನು. ಅವನ ವಾದ್ಯ ಬ್ಯಾಗ್‌ಪೈಪ್. ತೊಗಲಿನ ಚೀಲ, ಚೀಲಕ್ಕೆ ಕೊಳವೆ. ಊದಿದರೆ ಪೇಂಂಂ, ಬೀದಿಯೆಲ್ಲ ನಡುಗುವ ಹಾಗೆ.

"ಹೇಮಿಶ್, ಹೇಮಿಶ್, ತೊಗಲು ಕೊಡು. ತೊಗಲು ಮೂಸಾಗೆ, ಮೂಸಾನ ತಂತಿ ನನಗೆ. ನನ್ನ ಏಕತಾರಿ ಮಾತಾಡ್ತಿಲ್ಲ."

ಹೇಮಿಶ್ ತಲೆ ಎತ್ತಲಿಲ್ಲ. "ಕೊಳವೆಯೊಳಗಿನ ನಾಲಗೆ ಮುರಿದಿದೆ. ಜೊಂಡಿನ ನಾಲಗೆ ಅದು. ಜೊಂಡು ತಾ, ತೊಗಲು ಕೊಡ್ತೇನೆ."

ಮಂಕಾಳಿ ಮುಂದೆ ಹೋದಳು.

ಅದರಾಚೆ ಮನೆಯಲ್ಲಿ ಚಿಯೊ. ಜಪಾನಿನವಳು. ಹಿತ್ತಿಲ ತುಂಬ ಜೊಂಡು. ಅವಳದು ಬಿದಿರಿನ ಕೊಳಲು. ಊದಿದರೆ ಹೂಊಊ, ಗಾಳಿ ನಿಟ್ಟುಸಿರು ಬಿಟ್ಟ ಹಾಗೆ.

"ಚಿಯೊ, ಚಿಯೊ, ಜೊಂಡು ಕೊಡು. ಜೊಂಡು ಹೇಮಿಶ್‌ಗೆ, ಹೇಮಿಶ್‌ನ ತೊಗಲು ಮೂಸಾಗೆ, ಮೂಸಾನ ತಂತಿ ನನಗೆ. ನನ್ನ ಏಕತಾರಿ ಮಾತಾಡ್ತಿಲ್ಲ."

"ನನ್ನ ಕೊಳಲು ಸೀಳಿ ಹೋಗಿದೆ, ಕಂದಾ. ಬಿಗಿದು ಕಟ್ಟಬೇಕು. ನೂಲು ತಾ, ಜೊಂಡು ಕೊಡ್ತೇನೆ."

ಮಂಕಾಳಿಯ ಕಾಲು ನೋಯುತ್ತಿತ್ತು. ಆದರೂ ಮುಂದೆ ಹೋದಳು.

ಬೀದಿಯ ಆ ತುದಿಯಲ್ಲಿ ಕಿಲ್ಯಾ. ಪೆರು ದೇಶದ ಬೆಟ್ಟದವಳು. ಉದ್ದ ಗಿಡ್ಡ ಕೊಳವೆಗಳನ್ನು ಉಣ್ಣೆ ನೂಲಿನಲ್ಲಿ ಸಾಲಾಗಿ ಕಟ್ಟಿದ ಪೀಪಿ ಅವಳದು.

"ಕಿಲ್ಯಾ, ಕಿಲ್ಯಾ, ನೂಲು ಕೊಡು. ನೂಲು ಚಿಯೊಗೆ, ಚಿಯೊಳ ಜೊಂಡು ಹೇಮಿಶ್‌ಗೆ, ಹೇಮಿಶ್‌ನ ತೊಗಲು ಮೂಸಾಗೆ, ಮೂಸಾನ ತಂತಿ ನನಗೆ. ನನ್ನ ಏಕತಾರಿ ಮಾತಾಡ್ತಿಲ್ಲ."

ಕಿಲ್ಯಾ ನೂಲಿನ ಉಂಡೆ ತಂದಳು.

"ನಿನಗೆ ಏನು ಬೇಕು?" ಮಂಕಾಳಿ ಕೇಳಿದಳು.

ಕಿಲ್ಯಾ ಉಂಡೆಯನ್ನು ಮಂಕಾಳಿಯ ಕೈಗಿಟ್ಟಳು. ಆಮೇಲೆ ಅಂದಳು, "ನನ್ನ ಪೀಪಿ ಸರಿಯಾಗಿಯೇ ಇದೆ. ಕೇಳುವವರು ಯಾರೂ ಇಲ್ಲ. ಸ್ವಲ್ಪ ಕೂರ್ತೀಯಾ?"

ಮಂಕಾಳಿ ಕೂತಳು. ಕಿಲ್ಯಾ ಊದಿದಳು. ಫುಯ್ ಫುಯ್, ಫೂ ಫುಯ್. ಬೆಟ್ಟದ ಮೇಲೆ ಯಾರೋ ಯಾರನ್ನೋ ಕರೆದ ಹಾಗಿತ್ತು. ಮಂಕಾಳಿಗೆ ಅಮ್ಮನ ನೆನಪಾಯಿತು. ಅವಳು ಅಲುಗಲಿಲ್ಲ. ಮುಗಿದ ಮೇಲೆ, "ಇನ್ನೊಂದು ಸಲ," ಅಂದಳು.

ಕಿಲ್ಯಾ ಇನ್ನೊಂದು ಸಲ ಊದಿದಳು.

ನೂಲು ಚಿಯೊಗೆ ಸಿಕ್ಕಿತು. ಕೊಳಲು ಹೂಊಊ ಅಂದಿತು. ಚಿಯೊ ಜೊಂಡು ಕೊಟ್ಟಳು.

ಜೊಂಡು ಹೇಮಿಶ್‌ಗೆ ಸಿಕ್ಕಿತು. ಬ್ಯಾಗ್‌ಪೈಪ್ ಪೇಂಂಂ ಅಂದಿತು. ಹೇಮಿಶ್ ತೊಗಲು ಕೊಟ್ಟ.

ತೊಗಲು ಮೂಸಾಗೆ ಸಿಕ್ಕಿತು. ಕೋರಾ ಝುಳುಝುಳು ಅಂದಿತು. ಮೂಸಾ ತಂತಿ ಕೊಟ್ಟ. ಕೊಟ್ಟಿದ್ದಷ್ಟೇ ಅಲ್ಲ, ತಾನೇ ಬಿಗಿದ.

ಮಂಕಾಳಿ ಮನೆಗೆ ಬಂದಳು. ಅಮ್ಮ ಇನ್ನೂ ಬಂದಿರಲಿಲ್ಲ. ಜಗಲಿಯಲ್ಲಿ ಒಬ್ಬಳೇ ಕೂತು ಮೀಟಿದಳು.

ಟುಂಯ್.

ಅಂಗಳದಲ್ಲಿ ಕಿಲ್ಯಾ ನಿಂತಿದ್ದಳು. ಅಷ್ಟು ದೂರದಿಂದ ನಡೆದು ಬಂದಿದ್ದಳು.

"ಕೇಳೋಕೆ ಬಂದೆ," ಅಂದಳು.

ಮಂಕಾಳಿ ಒಳಗೆ ಹೋಗಿ ಚಾಪೆ ತಂದು ಹಾಸಿದಳು.